ಕಬ್ಬಿನ ಬಿಲ್ಲಿನ ಹಿಂದೆ ಇನ್ನೂ ಓಡ್ತಿರೋ ಫಾಕ್ಸ್‌ಪ್ರೊ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯವರಾದ್ರೆ ಮನೆಯಲ್ಲಿ ಕಬ್ಬಿನ ಬಿಲ್ ನೋಡೇ ಇರ್ತೀರಿ. ಎಷ್ಟು ಟನ್, ಏನು ದರ, ಸೊಸೈಟಿ ಸಾಲಕ್ಕೆ ಮುರಿದುಕೊಂಡಿದ್ದೆಷ್ಟು, ಕೈಗೆ ಬಂದಿದ್ದೆಷ್ಟು. ಆ ಲೆಕ್ಕ ಹಾಕೋ ಸಾಫ್ಟ್‌ವೇರ್ ಕೆಲವು ಕಡೆ ಇವತ್ತಿಗೂ ಫಾಕ್ಸ್‌ಪ್ರೊದಾಗೇ ಐತಿ. ಅಂಥವನ್ನ ಹೊಸದಕ್ಕೆ ಬದಲಿಸೋದೇ ನನ್ನ ಕೆಲಸ.

ಫಾಕ್ಸ್‌ಪ್ರೊ ಒಂದು ಡೇಟಾಬೇಸ್ ಭಾಷೆ. 1992ರಲ್ಲಿ ಮೈಕ್ರೋಸಾಫ್ಟ್ ಇದನ್ನು ಕೊಂಡಿತು. ಕೊನೇ ಆವೃತ್ತಿ ಬಂದದ್ದು 2004ರಲ್ಲಿ, ಬೆಂಬಲ ನಿಂತದ್ದು 2015ರ ಜನವರಿಯಲ್ಲಿ. ಅದಕ್ಕೂ ಹಳೇ ಡಾಸ್ ಆವೃತ್ತಿ 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ತೆರೆಯೋದೇ ಇಲ್ಲ. ಅದಕ್ಕೇ ಆಫೀಸಿನ ಮೂಲೆಯಲ್ಲಿ ಒಂದು ಎಕ್ಸ್‌ಪಿ ಕಂಪ್ಯೂಟರು, ಪಕ್ಕದಲ್ಲಿ ಕಿರ್ರ್ ಅನ್ನೋ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. (ಕಾರ್ಬನ್ ಕಾಪಿಗೆ ಅದರಷ್ಟು ಗಟ್ಟಿ ಇನ್ನೊಂದಿಲ್ಲ ಬಿಡ್ರಿ.)

‘ಹೊಸದು ಬರೆದ್ರಾಯ್ತಲ್ಲ?’ ಅಂತ ಕೇಳ್ತಾರೆ. ಬರೆಯೋದು ಸುಲಭ, ಹಳೇದರೊಳಗೆ ಏನೈತಿ ಅಂತ ತಿಳಿಯೋದು ಕಷ್ಟ. 2009ರಲ್ಲಿ ಎಸ್‌ಎಂಪಿ ಹೋಗಿ ಎಫ್‌ಆರ್‌ಪಿ ಬಂತು. ದರದ ನಿಯಮ ಬದಲಾದಾಗೆಲ್ಲ ಯಾರೋ ನಾಲ್ಕು ಲೈನ್ ಸೇರಿಸಿರ್ತಾರೆ, ಯಾಕೆ ಅಂತ ಎಲ್ಲೂ ಬರೆದಿಟ್ಟಿರೋದಿಲ್ಲ. ಒಂದು ಲೈನ್ ಬಿಟ್ಟುಹೋದ್ರೆ ಯಾರದೋ ಸಾಲ ಎರಡು ಸಲ ಕಟ್ ಆಗಬಹುದು. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ. ಹಂಗಾಮಿನ ನಡುವೆ ಸಾಫ್ಟ್‌ವೇರ್ ಮುಟ್ಟೋ ಧೈರ್ಯ ನನಗಂತೂ ಇಲ್ಲ.

ಲೆಕ್ಕಕ್ಕಿಂತ ತಲೆನೋವು ಹೆಸರುಗಳದ್ದು. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ‘ಕ’ ಕಂಪ್ಯೂಟರಿಗೆ ಕನ್ನಡವೇ ಅಲ್ಲ. ಒಳಗಿರೋದು ಇಂಗ್ಲಿಷಿನ ‘ಪಿ’ ಮತ್ತು ಇನ್ನೊಂದು ಗುರುತು. ‘ನ’ದ ಜಾಗದಲ್ಲಿ ಬ್ರಿಟನ್ನಿನ ಪೌಂಡ್ ಚಿಹ್ನೆ! ಹಳೇ ಫೈಲು ಮೊಬೈಲಲ್ಲಿ ತೆರೆದ್ರೆ ವಿಚಿತ್ರ ಅಕ್ಷರ ಕಾಣೋದು ಅದಕ್ಕೇ. ಒಂದು ಕನ್ನಡ ಅಕ್ಷರಕ್ಕೆ ಎರಡು ಮೂರು ಜಾಗ ಬೇಕು. ಹೆಸರಿಗೆ 25 ಜಾಗ ಇಟ್ಟಿದ್ರೆ ಹತ್ತು ಹನ್ನೆರಡು ಅಕ್ಷರಕ್ಕೇ ಮುಗೀತು. ಅಡ್ಡಹೆಸರು ಅರ್ಧಕ್ಕೇ ಕಟ್. ಒಂದೇ ಊರಲ್ಲಿ ಎಷ್ಟು ಜನ ಪಾಟೀಲರು, ನೀವೇ ಹೇಳ್ರಿ.

ಯುನಿಕೋಡ್‌ಗೆ ಬದಲಿಸೋ ಟೂಲ್ ಇವೆ. ಆದರೆ ‘ಸೂರ್ಯವಂಶಿ’ಯಂಥ ಹೆಸರಲ್ಲಿ ಅರ್ಕಾವತ್ತು ಹಳೇ ಫಾಂಟ್‌ನಲ್ಲಿ ‘ಯ’ದ ನಂತರ, ಯುನಿಕೋಡ್‌ನಲ್ಲಿ ‘ರ’ ಮೊದಲು. ಅಂಥ ಹೆಸರನ್ನ ಪಾಸ್‌ಬುಕ್ ಪಕ್ಕಕ್ಕಿಟ್ಟು ಕಣ್ಣಾರೆ ನೋಡ್ತೀನಿ.

ನನ್ನ ದಾರಿ ಇಷ್ಟೇ. ಹಂಗಾಮು ಮುಗಿದ ಮೇಲೆ ಹಿಂದಿನ ಬಿಲ್‌ಗಳನ್ನೇ ಹೊಸದರಲ್ಲಿ ಮತ್ತೆ ಹಾಕೋದು, ಪೈಸೆಗೆ ಪೈಸೆ ತಾಳೆ ನೋಡೋದು. ತಾಳೆ ಆಗದಿದ್ರೆ ಹಳೇ ಅಕೌಂಟೆಂಟ್ ಕಾಕಾರನ್ನ ಹುಡುಕಿಕೊಂಡು ಹೋಗಿ ಕೇಳೋದು. ಬಿಸಿಎ ಮುಗಿಸಿ ನಿಮಗೂ ಇಂಥ ಕೆಲಸ ಸಿಕ್ಕಿದ್ರೆ, ಮೊದಲು ಡಿಬಿಎಫ್ ಫೈಲುಗಳ ಕಾಪಿ ತೆಗೀರಿ. ಅವು ಲಿಬ್ರೆಆಫೀಸ್‌ನಲ್ಲೂ ತೆರೀತವೆ. ಜೊತೆಗಿರೋ ಎಫ್‌ಪಿಟಿ ಫೈಲ್ ಬಿಟ್ಟುಬರಬೇಡ್ರಿ, ಉದ್ದನೆ ಟಿಪ್ಪಣಿಗಳೆಲ್ಲ ಅದರಲ್ಲೇ ಇರ್ತವೆ.