ಕುರಿಮಂದೆಗೆ ಲಸಿಕೆ: ಒಬ್ಬರ ಇಚ್ಛೆಯೋ, ಊರಿನ ಹೊಣೆಯೋ?

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳ ಕಾಲುವೆ ಪ್ರದೇಶದಲ್ಲಿ ಭತ್ತದ ಕೊಯಿಲು ಮುಗಿದೊಡನೆ ಕೂಳೆ ಮೇಯಲು ಕುರಿಮಂದೆಗಳು ಬರುತ್ತವೆ. ಹಗಲೆಲ್ಲ ಮೇದ ಕುರಿಗಳನ್ನು ರಾತ್ರಿ ತಮ್ಮ ಹೊಲದಲ್ಲಿ ನಿಲ್ಲಿಸಿಕೊಳ್ಳಲು ರೈತರು ಕುರಿಗಾರರಿಗೆ ಹಣವನ್ನೋ ಕಾಳನ್ನೋ ಕೊಡುವುದುಂಟು. ಹಿಕ್ಕೆ, ಗಂಜಲ ಎರಡೂ ಸಾಗಣೆಯ ಖರ್ಚಿಲ್ಲದೆ ನೇರವಾಗಿ ಭೂಮಿಗೆ ಸೇರುತ್ತವೆ. ಆದರೆ ಹಲವು ಊರುಗಳ ಮಂದೆಗಳು ಒಂದೇ ಬಯಲಿನಲ್ಲಿ ಕಲೆಯುವ ಈ ಕಾಲವೇ ರೋಗ ಹರಡುವುದಕ್ಕೂ ತಕ್ಕ ಕಾಲ. ಹೀಗಿರುವಾಗ ಲಸಿಕೆ ಹಾಕಿಸುವುದೂ ಬಿಡುವುದೂ ಕುರಿಗಾರನೊಬ್ಬನ ಸ್ವಂತ ವಿಷಯವಾಗಿ ಉಳಿಯುವುದಿಲ್ಲ.

ಪಿ.ಪಿ.ಆರ್. ರೋಗವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹಳ್ಳಿಗಳಲ್ಲಿ ಇದನ್ನು ಹಿರೇಬೇನೆ ಎನ್ನುವುದುಂಟು. ನಮ್ಮ ದೇಶದಲ್ಲಿ ಇದು ಮೊದಲು ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನಲ್ಲಿ. ವೈರಸ್‌ನಿಂದ ಬರುವ ಈ ರೋಗದಲ್ಲಿ ಕುರಿ ಮೇಕೆಗಳಿಗೆ ತೀವ್ರ ಜ್ವರ, ಕಣ್ಣು ಮೂಗುಗಳಿಂದ ಸುರಿತ, ಬಾಯಲ್ಲಿ ಹುಣ್ಣು, ಭೇದಿ ಕಂಡುಬರುತ್ತವೆ. ಗಬ್ಬದ ಕುರಿಗಳು ಕಂದು ಹಾಕುತ್ತವೆ. ಹಿಂದೆ ಈ ರೋಗ ಕಾಣದ ಮಂದೆಯಾದರೆ ಕೆಲವೇ ದಿನಗಳಲ್ಲಿ ಹಟ್ಟಿ ಬರಿದಾಗಬಹುದು. ಚಿಹ್ನೆಗಳು ಸ್ಪಷ್ಟವಾಗುವ ಮುನ್ನವೇ ಉಸಿರಿನ ಮೂಲಕ ರೋಗ ಪಕ್ಕದ ಕುರಿಗೆ ತಗಲುತ್ತದೆ. ಚರ್ಮದಡಿಗೆ 1 ಮಿ.ಲೀ. ಲಸಿಕೆಯನ್ನು ಒಮ್ಮೆ ಹಾಕಿದರೆ ಮೂರು ವರ್ಷ ರಕ್ಷಣೆ ದೊರೆಯುತ್ತದೆ.

ಇಷ್ಟಿದ್ದೂ ಲಸಿಕೆ ಬೇಡವೆನ್ನುವ ಕುರಿಗಾರರಿದ್ದಾರೆ. ಅವರನ್ನು ತಿಳಿಗೇಡಿಗಳೆಂದು ತಳ್ಳಿಹಾಕುವುದು ಸರಿಯಲ್ಲ. ಗಬ್ಬದ ಕುರಿಯನ್ನು ಅಟ್ಟಿಸಿಕೊಂಡು ಹೋಗಿ ಒರಟಾಗಿ ಹಿಡಿದರೆ ಕಂದು ಹಾಕೀತೆಂಬ ಅವರ ಭಯದಲ್ಲಿ ಹುರುಳಿದೆ. ಮೈಯಲ್ಲಿ ಆಗಲೇ ರೋಗ ಹೊಕ್ಕಿರುವ ಮಂದೆಗೆ ಲಸಿಕೆ ಹಾಕಿದರೆ ನಾಲ್ಕಾರು ದಿನಗಳಲ್ಲಿ ಕುರಿಗಳು ಸಾಯುತ್ತವೆ. ಅಪವಾದ ಸೂಜಿಯ ಮೇಲೆ ಬರುತ್ತದೆ. ಇನ್ನು ಕೆಲವರ ಲೆಕ್ಕಾಚಾರವೇ ಬೇರೆ: ಸುತ್ತಲ ಮಂದೆಗಳಿಗೆಲ್ಲ ಲಸಿಕೆಯಾಗಿದ್ದರೆ ತಮ್ಮ ಮಂದೆಗೆ ರೋಗ ಬರುವ ದಾರಿಯೇ ಇಲ್ಲವಲ್ಲ ಎಂಬುದು. ಒಬ್ಬನಿಗೆ ಈ ಲೆಕ್ಕ ಸರಿಹೋಗಬಹುದು. ಹತ್ತು ಜನ ಹಾಗೆಯೇ ಯೋಚಿಸಿದರೆ ರೋಗಕ್ಕೆ ದಾರಿ ತೆರೆಯುತ್ತದೆ.

ಆಗ ಮೊದಲು ಸಾಯುವುದು ಮರಿಗಳು. ತಾಯಿ ಹಾಲಿನಿಂದ ಬಂದ ರಕ್ಷಣೆ ಲಸಿಕೆಗೆ ಅಡ್ಡಿಯಾಗುವುದರಿಂದ ಮೂರು ತಿಂಗಳೊಳಗಿನ ಮರಿಗಳಿಗೆ ಲಸಿಕೆ ಹಾಕುವುದಿಲ್ಲ. ಆ ರಕ್ಷಣೆ ಕುಂದುತ್ತ ಬಂದಾಗ ಮರಿಯನ್ನು ಕಾಯುವುದು ಸುತ್ತಲಿನ ಕುರಿಗಳಿಗೆ ಆಗಿರುವ ಲಸಿಕೆ. ಮನುಷ್ಯರಲ್ಲಿಯೂ ಇದೇ ನಿಯಮ. ಮಕ್ಕಳ ದಡಾರದ ವೈರಸ್ ಪಿ.ಪಿ.ಆರ್. ವೈರಸ್‌ನ ಹತ್ತಿರದ ಸಂಬಂಧಿ. ದಡಾರದ ಮೊದಲ ಲಸಿಕೆ ಒಂಬತ್ತು ತಿಂಗಳು ತುಂಬಿದ ಮೇಲೆ. ಬಳ್ಳಾರಿಯ ಪಾರ್ವತಿನಗರದಲ್ಲಿ ತಾಯಿಯೊಬ್ಬಳು ದೊಡ್ಡ ಮಗುವಿಗೆ ಲಸಿಕೆ ಹಾಕಿಸಿದರೆ, ಪಕ್ಕದ ಮನೆಯ ಆರು ತಿಂಗಳ ಕೂಸಿಗೂ ಅದು ಕಾವಲು. ಆ ಕೂಸಿಗೆ ಬೇಕು ಬೇಡ ಎನ್ನುವ ಆಯ್ಕೆಯೇ ಇಲ್ಲ.

ಹಾಗಾದರೆ ಬಲವಂತ ಮಾಡಬಹುದೇ? ಪ್ರಾಣಿಗಳ ಮಟ್ಟಿಗೆ 2009ರ ಕೇಂದ್ರ ಕಾಯಿದೆಯು, ನಿಯಂತ್ರಿತ ಪ್ರದೇಶವೆಂದು ಘೋಷಿಸಿದ ಕಡೆ ಲಸಿಕೆಯನ್ನು ಕಡ್ಡಾಯಗೊಳಿಸಲು ಅವಕಾಶ ಕೊಟ್ಟಿದೆ. ಆದರೆ ಕಾಯಿದೆಯೊಂದೇ ಸಾಲದು. ಹಾಕುವವರ ಮಾತಿನಲ್ಲಿ ನಂಬಿಕೆ ಇರಬೇಕು. ಮಲೆನಾಡಿನ ಮಂಗನ ಕಾಯಿಲೆಯ ಕಥೆ ಇದಕ್ಕೆ ಸಾಕ್ಷಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗಕ್ಕೆ 1990ರಿಂದ ಲಸಿಕೆ ಹಾಕಲಾಗುತ್ತಿತ್ತು. ನೋವಿನ ಸೂಜಿ, ಮತ್ತೆ ಮತ್ತೆ ಹಾಕಿಸಬೇಕು. ಕಾಡಿನಂಚಿನ ಅನೇಕರು ನಡುವೆಯೇ ಬಿಟ್ಟರು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಸೂಜಿಗಳ ಪರಿಣಾಮ ನೂರಕ್ಕೆ ಸುಮಾರು 62 ಎಂದು ಕಂಡುಬಂತು. ಶಕ್ತಿ ಸಾಲದೆಂದು 2022ರಲ್ಲಿ ಆ ಲಸಿಕೆಯನ್ನು ನಿಲ್ಲಿಸಲಾಯಿತು. ಹಾಕಿಸಿಕೊಳ್ಳಿ ಎಂದು ಕೇಳುವವರು, ಅದು ಎಷ್ಟು ಕಾಯುತ್ತದೆ, ಎಷ್ಟು ಕಾಯುವುದಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳತಕ್ಕದ್ದು. ಬಡ ಜನರ ಸಂಶಯವನ್ನು ಮೌಢ್ಯವೆನ್ನುವ ಮೊದಲು ಇದನ್ನು ನೆನೆಯಬೇಕು.

ನಂಬಿಕೆ ಉಳಿದ ಕಡೆ ಫಲ ದೊಡ್ಡದು. ದನಗಳ ದೊಡ್ಡರೋಗ ಭಾರತದಲ್ಲಿ ಕೊನೆಯ ಬಾರಿ ಕಂಡದ್ದು 1995ರಲ್ಲಿ. 2011ರಲ್ಲಿ ಅದು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ಪಿ.ಪಿ.ಆರ್. ರೋಗವನ್ನೂ 2030ರೊಳಗೆ ತೊಲಗಿಸುವ ಗುರಿಯನ್ನು 2015ರಲ್ಲಿ ಹಾಕಿಕೊಳ್ಳಲಾಗಿದೆ.

ವಿಸ್ತರಣಾ ಕಾರ್ಯಕರ್ತರು ಲಸಿಕೆಯ ದಿನವನ್ನು ಗೊತ್ತುಮಾಡುವಾಗ ಮಂದೆಗಳು ಊರಲ್ಲಿರುವ ಕಾಲವನ್ನು ನೋಡಬೇಕು. ವಲಸೆ ಹೊರಡುವುದಕ್ಕೆ ಮೂರು ನಾಲ್ಕು ವಾರ ಮುಂಚೆ ಹಾಕಿದರೆ ಮೈಯಲ್ಲಿ ರೋಗನಿರೋಧಕ ಶಕ್ತಿ ಬೆಳೆಯಲು ಸಮಯ ಸಿಗುತ್ತದೆ. ಲಸಿಕೆ ಸದಾ ತಂಪಿನಲ್ಲಿರಬೇಕು. ಕಲಸಿದ ಲಸಿಕೆಯನ್ನು ಮಂಜುಗಡ್ಡೆಯ ಮೇಲಿಟ್ಟು ಬೇಗನೆ ಮುಗಿಸಬೇಕು. ಬಳ್ಳಾರಿಯ ಬಿಸಿಲಿಗೆ ಕೆಟ್ಟ ಲಸಿಕೆ ಕುರಿಗಾರನಿಗೆ ಮಾಡಿದ ಮೋಸವೇ ಸರಿ.

ಹೊಲದ ರೈತರಿಗೂ ಪಾಲಿದೆ. ಕುರಿ ನಿಲ್ಲಿಸಿಕೊಳ್ಳುವ ಮುನ್ನ ಲಸಿಕೆಯಾಗಿದೆಯೇ ಎಂದು ಕೇಳಿರಿ. ಆಗಿಲ್ಲವೆಂದರೆ ಓಡಿಸದೆ, ಪಶುವೈದ್ಯರನ್ನು ಕರೆಸಿರಿ. ಮಂದೆಯಲ್ಲಿ ಜ್ವರ, ಭೇದಿ ಕಂಡರೆ ಕುರಿಗಾರನು ಹೆದರಿ ಮೊದಲು ಮಾಡುವ ಕೆಲಸ, ಉಳಿದ ಕುರಿಗಳನ್ನು ಸಂತೆಗೆ ಹೊಡೆದು ಬಂದ ಬೆಲೆಗೆ ಮಾರುವುದು. ನಾಲ್ಕು ಊರಿಗೆ ರೋಗ ಮುಟ್ಟುವುದು ಹೀಗೆಯೇ. ಅಂಥ ಮಂದೆಯನ್ನು ಅಲ್ಲಿಯೇ ಬೇರ್ಪಡಿಸಿ ನಿಲ್ಲಿಸಲು ಜಾಗ, ನೀರು, ಮೇವು ಕೊಡುವ ರೈತನಿದ್ದರೆ ಅವನು ಸಂತೆಯ ದಾರಿ ಹಿಡಿಯುವುದಿಲ್ಲ. ಹೊಸದಾಗಿ ಕೊಂಡ ಕುರಿಗಳನ್ನು ಮೂರು ವಾರ ಪ್ರತ್ಯೇಕವಾಗಿಟ್ಟು, ಆಮೇಲೆ ಮಂದೆಗೆ ಸೇರಿಸತಕ್ಕದ್ದು.