ಪದಸಂಗ್ರಹಕ್ಕೆ ಸಿದ್ಧವಾಕ್ಯ: ಕಂಬಂ ಕಣಿವೆಯ ಕನ್ನಡವನ್ನು ಕಂಪ್ಯೂಟರಿಗೆ ಏರಿಸುವ ಬಗೆ

1. ತೇನಿ, ಕಂಬಂ ಕಣಿವೆ, ದಿಂಡಿಗಲ್ ಭಾಗದ ಕಪ್ಪಿಲಿಯರ್, ಅನುಪ್ಪರ್ ಮೊದಲಾದ ಸಮುದಾಯಗಳ ಮನೆಮಾತು ಕನ್ನಡವೆಂಬುದು ಹೊಸ ವಿಷಯವೇನಲ್ಲ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ಸಂಪುಟಗಳಲ್ಲೇ ಇವರು ಕನ್ನಡ ಮಾತಾಡುವ ಒಕ್ಕಲು ಜನರೆಂದು ನಮೂದಾಗಿದೆ. ಓದುಬರಹ ತಮಿಳಿನಲ್ಲಿ, ಕನ್ನಡ ಬಾಯಿಂದ ಬಾಯಿಗೆ ಬಂದದ್ದು. ಇಂಥ ನುಡಿಗೆ ಪದಸಂಗ್ರಹವೇ ಆಧಾರ. ಚೀಟಿಯಲ್ಲಿದ್ದ ಪದ ಕಂಪ್ಯೂಟರಿಗೆ ಏರುವಾಗ ಕೆಟ್ಟುಹೋದರೆ ಮತ್ತೆ ಕೇಳೋಣವೆಂದರೆ, ಹೇಳಿದ ಅಜ್ಜಿ ಇರಬೇಕಲ್ಲ! ಆದುದರಿಂದ ಪದವನ್ನು ದತ್ತಸಂಚಯಕ್ಕೆ ಸುರಕ್ಷಿತವಾಗಿ ಸೇರಿಸುವ ಕ್ರಮವನ್ನು ಇಲ್ಲಿ ವಿವರಿಸಿದೆ.

2. ಎಲ್ಲ ಚೀಟಿಗಳಲ್ಲೂ ಒಂದೇ ವಿವರ ಇರೋದಿಲ್ಲ. ಪದ, ಅರ್ಥ, ಊರು ಇದ್ದೇ ಇರುತ್ತವೆ. ಕೆಲವರು ತಮಿಳು ಲಿಪಿಯ ರೂಪವನ್ನಷ್ಟೇ ಬರೆದಿರುತ್ತಾರೆ. ಆ ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ. ‘ಗಾಳಿ’ಯೂ ‘ಕಾಳಿ’ಯೂ ಒಂದೇ ಆಗಿಬಿಡುತ್ತವೆ. ಹಾಗಾಗಿ ಉಚ್ಚಾರಣೆಗೆ ಬೇರೆ ಅಂಕಣ ಬೇಕು. ಹಳೆಯ ದಾಖಲೆಗಳಲ್ಲಿ ಜಿಲ್ಲೆ ಮದುರೈ ಎಂದಿರುತ್ತದೆ. ದಿಂಡಿಗಲ್ 1985ರಲ್ಲಿ, ತೇನಿ 1990ರ ದಶಕದಲ್ಲಿ ಅದರಿಂದ ಬೇರೆಯಾದವು. ಈಗಿನ ಜಿಲ್ಲೆಗೆ ಇನ್ನೊಂದು ಅಂಕಣ. ಹೀಗೆ ಸೇರ್ಪಡೆಯ ಆದೇಶವಾಕ್ಯ ಚೀಟಿಯಿಂದ ಚೀಟಿಗೆ ಬದಲಾಗಬೇಕಾಗುತ್ತದೆ.

3. ಹೊಸಬರು ಆದೇಶಕ್ಕೆ ಪದವನ್ನು ನೇರವಾಗಿ ಅಂಟಿಸಿ ವಾಕ್ಯ ಕಟ್ಟುತ್ತಾರೆ. ಎಸ್‌ಕ್ಯೂಎಲ್‌ನಲ್ಲಿ ಪಠ್ಯವನ್ನು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಇಡಬೇಕು. ಕ್ಷೇತ್ರಕಾರ್ಯದಲ್ಲಿ ಲೋಪವಾದ ಸ್ವರವನ್ನು ತೋರಿಸಲು ನಾವೂ ಅದೇ ಚಿಹ್ನೆ ಹಾಕುತ್ತೇವೆ: ಬತ್ತೀನ್'. ಯಂತ್ರ ಅಲ್ಲಿಗೇ ಪದ ಮುಗಿಯಿತೆಂದು ತಿಳಿದು ಉಳಿದದ್ದನ್ನು ಆದೇಶವೆಂದು ಓದುತ್ತದೆ. ಸಾಮಾನ್ಯವಾಗಿ ಆ ಸಾಲು ತಿರಸ್ಕೃತವಾಗುತ್ತದೆ. ಆದರೆ ಕೇಡು ಬಯಸಿದವನು ಅದೇ ಸಂದಿಯಲ್ಲಿ ಬೇರೆ ಆದೇಶವನ್ನು ತೂರಿಸಿ ಸಂಗ್ರಹವನ್ನೇ ಕೆಡಿಸಬಹುದು. ಇದನ್ನೇ ಎಸ್‌ಕ್ಯೂಎಲ್ ಇಂಜೆಕ್ಷನ್ ಎನ್ನುವುದು. ಚಿಹ್ನೆ ಅಳಿಸಿಬಿಟ್ಟರಾಯ್ತು ಅನ್ನೋದು ಸರಿಯಲ್ಲ. ಉಚ್ಚಾರಣೆಯ ಸಾಕ್ಷ್ಯವೇ ಹೋಗುತ್ತದೆ.

4. ಪರಿಹಾರವೆಂದರೆ ಪ್ರಿಪೇರ್ಡ್ ಸ್ಟೇಟ್‌ಮೆಂಟ್, ಅಂದರೆ ಸಿದ್ಧವಾಕ್ಯ. ವಾಕ್ಯದ ಚೌಕಟ್ಟು ಮೊದಲು ಹೋಗುತ್ತದೆ:

ಇನ್ಸರ್ಟ್ ಇಂಟು ನುಡಿ (ಪದ, ಅರ್ಥ, ಊರು) ವ್ಯಾಲ್ಯೂಸ್ (?, ?, ?)

ಆದೇಶಪದಗಳನ್ನು ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. ಮೈಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್‌ಗಳಲ್ಲಿ ಪ್ರಶ್ನೆಗುರುತು ಬರಿದಾದ ಸ್ಥಾನವನ್ನು ಸೂಚಿಸುತ್ತದೆ. ಬೆಲೆಗಳು ಆಮೇಲೆ ಬೇರೆ ದಾರಿಯಲ್ಲಿ ಬರುತ್ತವೆ; ಅವನ್ನು ಯಂತ್ರ ಆದೇಶವೆಂದು ಓದುವುದೇ ಇಲ್ಲ. ‘ಎಲ್ಲಿಗೋದೆ?’ ಎಂಬ ಮಾತಿನೊಳಗಿನ ಪ್ರಶ್ನೆಗುರುತೂ ಬರೀ ಅಕ್ಷರವಾಗಿ ಉಳಿಯುತ್ತದೆ.

ವ್ಯಾಕರಣ ಓದಿದವರಿಗೆ ಇದು ಪರಿಚಿತ ನ್ಯಾಯವೇ. ಶಾಸ್ತ್ರದಲ್ಲಿ ಶಬ್ದವೆಂದರೆ ಅದರ ಸ್ವರೂಪವನ್ನೇ ಗ್ರಹಿಸಬೇಕು, ಸಂಜ್ಞೆಯನ್ನು ಬಿಟ್ಟು, ಎಂಬುದು ಅಷ್ಟಾಧ್ಯಾಯಿಯ 1.1.68ನೆಯ ಸೂತ್ರದ ತಾತ್ಪರ್ಯ. ಇಲ್ಲಿ ಅಜ್ಜಿಯ ಮಾತು ಸ್ವರೂಪ. ಅಂಕಣದ ಹೆಸರು ಸಂಜ್ಞೆ.

5. ಈ ಭೇದ ಮುಖ್ಯ, ಯಾಕಂದ್ರೆ ಪ್ರಶ್ನೆಗುರುತಿನ ಜಾಗಕ್ಕೆ ಬೆಲೆ ಮಾತ್ರ ಬರಬಹುದು. ಕೋಷ್ಟಕದ ಅಥವಾ ಅಂಕಣದ ಹೆಸರು ಬರಲಾರದು. ಹೆಸರುಗಳನ್ನು ವಾಕ್ಯದಲ್ಲೇ ಬರೆಯಬೇಕು. ಆದ್ದರಿಂದ ಒಪ್ಪಿತ ಅಂಕಣಗಳ ಪಟ್ಟಿಯೊಂದನ್ನು ಮೊದಲೇ ನಿಶ್ಚಯಿಸಿ, ಚೀಟಿಯಲ್ಲಿರುವ ಹೆಸರನ್ನು ಅದರೊಂದಿಗೆ ತಾಳೆ ನೋಡಬೇಕು. ಪಟ್ಟಿಯಲ್ಲಿ ಇಲ್ಲದ ಹೆಸರು ಬಂದರೆ ನಿಲ್ಲಿಸಿ ವಿಚಾರಿಸಬೇಕು. ಸುಮ್ಮನೆ ಬಿಟ್ಟು ಮುಂದೆ ಹೋಗಬಾರದು.

ಉಳಿದ ಅಂಕಣಗಳನ್ನು ಒಮ್ಮೆ ಕ್ರಮವಾಗಿ ಜೋಡಿಸಿ, ಆ ಒಂದೇ ಕ್ರಮದಿಂದ ಹೆಸರುಗಳನ್ನೂ ಪ್ರಶ್ನೆಗುರುತುಗಳನ್ನೂ ಬೆಲೆಗಳನ್ನೂ ಪಡೆಯಬೇಕು. ಸಮಸಂಖ್ಯೆಯವುಗಳಿಗೆ ಯಥಾಕ್ರಮ ಸಂಬಂಧವೆಂದು 1.3.10ನೆಯ ಸೂತ್ರ ಹೇಳುವುದೂ ಇದನ್ನೇ. ಸಂಖ್ಯೆ ತಪ್ಪಿದರೆ ಯಂತ್ರ ಎಚ್ಚರಿಸುತ್ತದೆ. ಕ್ರಮ ತಪ್ಪಿದರೆ ಅರ್ಥ ಊರಿನ ಅಂಕಣಕ್ಕೆ ಹೋಗಿ ಕೂತರೂ ತುಟಿ ಬಿಚ್ಚದು. ಇದು ಎಲ್ಲಕ್ಕಿಂತ ಅಪಾಯದ ತಪ್ಪು.

6. ಚೀಟಿಯಲ್ಲಿ ಇಲ್ಲದ ವಿವರದ ಅಂಕಣವನ್ನು ವಾಕ್ಯದಿಂದಲೇ ಬಿಟ್ಟರೆ, ಬೇರೆ ಪೂರ್ವನಿಶ್ಚಿತ ಬೆಲೆ ಇಲ್ಲದಿದ್ದಲ್ಲಿ ಅದು ‘ನಲ್’ ಆಗಿ ಉಳಿಯುತ್ತದೆ. ಖಾಲಿ ಪಠ್ಯ ಬೇರೆ, ನಲ್ ಬೇರೆ. ‘ಕೇಳಿದೆವು, ಅಂಥದ್ದು ಇಲ್ಲ’ ಎಂಬುದಕ್ಕೂ ‘ಕೇಳಲೇ ಇಲ್ಲ’ ಎಂಬುದಕ್ಕೂ ಇರುವ ಅಂತರ ಅದು. ಎರಡನ್ನೂ ಕಲಸಿದರೆ ಮುಂದೆ ಕ್ಷೇತ್ರಕ್ಕೆ ಹೋಗುವವರಿಗೆ ಏನು ಕೇಳುವುದು ಬಾಕಿಯಿದೆಯೆಂದೇ ತಿಳಿಯದು.

7. ಸಾರಾಂಶ ಇಷ್ಟು: ಚೌಕಟ್ಟು ಸಂಗ್ರಾಹಕನದು, ಮಾತು ಆಡಿದವರದು. ಚೌಕಟ್ಟಿನಲ್ಲಿ ಬಿಗಿಯಿರಲಿ, ಮಾತನ್ನು ಅದು ಬಂದ ಹಾಗೆಯೇ, ಒಂದು ಚಿಹ್ನೆಯೂ ಕಳೆಯದಂತೆ, ಒಳಗಿಡೋಣ.