ಜಾನ್ ವುಡನ್ನರ ಹದಿನಾರನೆಯ ವರ್ಷ

ಬ್ಯಾಸ್ಕೆಟ್‌ಬಾಲ್ ಕಲಿಸಿದವರಲ್ಲಿ ಜಾನ್ ವುಡನ್ನರ ಹೆಸರು ದೊಡ್ಡದು. ಅಮೆರಿಕದ ಲಾಸ್ ಏಂಜಲೀಸಿನ ಯು.ಸಿ.ಎಲ್.ಎ. ವಿಶ್ವವಿದ್ಯಾಲಯದ ತಂಡವನ್ನು ಅವರು 1948ರಿಂದ 1975ರವರೆಗೆ ತಿದ್ದಿದರು. ಹತ್ತು ರಾಷ್ಟ್ರೀಯ ಪ್ರಶಸ್ತಿ ತಂದರು. ನನಗೆ ಅದಕ್ಕಿಂತ ಮುಖ್ಯವಾಗಿ ತೋರುವುದು ಬೇರೆ: ಮೊದಲ ಪ್ರಶಸ್ತಿ ಬಂದುದು 1964ರಲ್ಲಿ, ಹದಿನಾರನೆಯ ವರ್ಷ! ಅಲ್ಲಿಯವರೆಗೂ ವಿಶ್ವವಿದ್ಯಾಲಯ ಅವರನ್ನು ಬಿಡಲಿಲ್ಲ. ಅಭ್ಯಾಸವೋ, ಕುಸ್ತಿಯವರೂ ಸೇರಿದ್ದ ಹಳೆಯ ವ್ಯಾಯಾಮಶಾಲೆಯಲ್ಲಿ; ಅದರ ನೆಲವನ್ನು ವುಡನ್ನರೇ ಒರೆಸುತ್ತಿದ್ದುದುಂಟು.

ಅವರ ಮೊದಲ ಪಾಠ ಚೆಂಡಿನದಲ್ಲ, ಕಾಲುಚೀಲದ್ದು. ಸುಕ್ಕಿಲ್ಲದಂತೆ ಹಾಕಿಕೊಳ್ಳುವುದನ್ನು ತಾವೇ ತೋರಿಸುತ್ತಿದ್ದರು. ಸುಕ್ಕಿದ್ದರೆ ಗುಳ್ಳೆ, ಗುಳ್ಳೆಯೆದ್ದವನು ಓಡಲಾರ. ಯಾದಗಿರಿ, ಶಹಾಪುರ, ಸುರಪುರಗಳ ಬಿಸಿಲಲ್ಲಿ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಮ್ಮ ಕಡೆ ಎಷ್ಟೋ ತಂಡಗಳು ಹುಟ್ಟುವುದೇ ಪಂದ್ಯಕ್ಕೆ ಎಂಟು ದಿನವಿರುವಾಗ. ಸೋತು ಬಂದರೆ ಮರುವರ್ಷ ಹುಡುಗರೂ ಹೊಸಬರು, ಕಲಿಸುವವರೂ ಹೊಸಬರು.